ಕಾಣ್ಲಿಲ್ಲ ವಿರೂಪಾಕ್ಷಪ್ಪ

ಗೊರೇಬಾಳಕ್ಕೆ ಹೋಗಿ ವಿರೂಪಾಕ್ಷಪ್ಪನ ಮನೆ ಎಲ್ಲಿ ಎಂದು ಕೇಳಿ ನೋಡಿ, 'ಯಾವ ವಿರೂಪಾಕ್ಷಪ್ಪ?' ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. 'ಕಾಣ್ಲಿಲ್ಲ ವಿರೂಪಾಕ್ಷಪ್ಪ' ಅಂದಿರೋ, ಎಮ್ಮೆಯ ಮೈ ತೊಳೆಯುತ್ತಿದ್ದವನೂ ಕೆಲಸ ಬಿಟ್ಟು ಬಂದು ಬಾಗಿಲ ತನಕ ಬಿಟ್ಟು ಹೋಗುತ್ತಾನೆ. ಅಡ್ಡಹೆಸರು ಇಡುವುದರಲ್ಲಿ ನಮ್ಮ ಕಡೆಯ ಮಂದಿಯನ್ನು ಮೀರಿಸುವವರಿಲ್ಲ. ತೊಟ್ಟಿಲಲ್ಲಿ ಇಟ್ಟ ಹೆಸರು ಶಾಲೆಯ ಹಾಜರಿಗೆ, ಊರು ಇಟ್ಟ ಹೆಸರು ಸಾಯುವ ತನಕ.

ಆ ಹೆಸರು ಅಂಟುವ ಮುಂಚೆ ವಿರೂಪಾಕ್ಷಪ್ಪ ಮಂದಿ ಸಾಗಿಸುವ ಮೂರು ಗಾಲಿಯ ಟಂಟಂ ಓಡಿಸುತ್ತಿದ್ದ. ಗೊರೇಬಾಳದಿಂದ ಸಿಂಧನೂರಿಗೆ, ಸಿಂಧನೂರಿನಿಂದ ಗೊರೇಬಾಳಕ್ಕೆ. ನೀಲಿ ರೆಕ್ಸಿನ್ ಹೊದಿಕೆಯ ಗಾಡಿ, ಮುಂದಿನ ಗಾಜಿನ ಮೇಲೆ ಬಾಬಾಸಾಹೇಬರ ಚಿತ್ರ, ಹ್ಯಾಂಡಲ್ಲಿನ ಮುಂದೆ ಅಂಗೈಯಷ್ಟು ಬುದ್ಧ, ಹಿಂದುಗಡೆ 'ನಿಧಾನವೇ ಪ್ರಧಾನ' ಎಂಬ ಬರಹ. ಹಿಂದೆ ಬರೆಸಿದ್ದನ್ನು ಮುಂದೆ ಕುಳಿತು ಪಾಲಿಸುವ ಡ್ರೈವರ್ ನಮ್ಮ ತಾಲೂಕಿನಲ್ಲಿ ಅವನೊಬ್ಬನೇ ಇದ್ದ ಎಂದರೂ ತಪ್ಪಿಲ್ಲ. ಬಸುರಿ ಹೆಂಗಸರು ಬೇರೆ ಗಾಡಿ ಖಾಲಿ ಇದ್ದರೂ ಅವನ ಗಾಡಿ ಬರಲಿ ಎಂದು ಕಾಯುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದರಿಂದ ಸ್ವಲ್ಪ ಜಂಬವೂ ಇತ್ತು.

ದಾರಿಯಲ್ಲಿ ಒಂದು ಕಾಲುವೆ ಸೇತುವೆ ಬರುತ್ತದೆ. ರಸ್ತೆ ಏರಿ, ಸೇತುವೆ ದಾಟಿ, ಮತ್ತೆ ಇಳಿಯುತ್ತದೆ. ಎರಡೂ ಬದಿಗೆ ಎದೆಮಟ್ಟದ ಕಲ್ಲುಗೋಡೆ. ಗೋಡೆಯ ತುದಿಯಲ್ಲಿ, ಬಟ್ಟೆ ಒಗೆಯುವವರು ಕಾಲುವೆಯಿಂದ ಹತ್ತಿ ಬರುವ ಮೆಟ್ಟಿಲು. ಕೌದಿ ಹೊಲಿಯುವ ಪೀರ್‌ಬೀ ಒಂದು ಬೆಳಿಗ್ಗೆ ಹಸಿ ಬಟ್ಟೆಯ ಗಂಟನ್ನು ಬಗಲಲ್ಲಿ ಇರುಕಿಕೊಂಡು ಆ ಮೆಟ್ಟಿಲು ಹತ್ತಿ ರಸ್ತೆಗೆ ಕಾಲಿಟ್ಟಳು. ವಿರೂಪಾಕ್ಷಪ್ಪನ ಟಂಟಂ ಅದೇ ಹೊತ್ತಿಗೆ ಏರು ಹತ್ತಿ ಬಂತು. ಅವಳ ಸೊಂಟದ ಎಲುಬು ಮುರಿಯಿತು.

ಅವಳನ್ನು ಎತ್ತಿ ಅದೇ ಗಾಡಿಯಲ್ಲಿ ದವಾಖಾನೆಗೆ ಒಯ್ದವನೂ ಅವನೇ. ಅಲ್ಲಿ ಸೇರಿದ ಮಂದಿ 'ಏನಾತೋ? ಹೆಂಗಾತೋ?' ಎಂದು ಕೇಳಿದ್ದಕ್ಕೆಲ್ಲ ಅವನ ಬಾಯಿಂದ ಬಂದದ್ದು ಒಂದೇ ಮಾತು: "ಕಾಣ್ಲಿಲ್ಲ." ಪೊಲೀಸರು ಕೇಳಿದರು, "ಕಾಣ್ಲಿಲ್ರಿ." ಹೆಂಡತಿ ಪಕೀರಮ್ಮ ಕೇಳಿದಳು, "ಕಾಣ್ಲಿಲ್ಲಬೇ."

ಪಂಚನಾಮೆಗೆ ಬಂದವರು, ಹಿರಿಯರು, ಸುಮ್ಮನೆ ನೋಡಲು ಬಂದವರು, ಎಲ್ಲರೂ ಸೇತುವೆಯ ಮೇಲೆ ಪೀರ್‌ಬೀ ಬಿದ್ದ ಜಾಗದಲ್ಲಿ ನಿಂತು ಕೆಳಗೆ ನೋಡಿದರು. ರಸ್ತೆ ಅಂಗೈಯಂತೆ ಕಾಣುತ್ತಿತ್ತು. ಮೆಟ್ಟಿಲೂ ಕಾಣುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಅಲ್ಲೇ ತೀರ್ಮಾನವಾಯಿತು. ಅವನು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ತೋರಿಸಿಕೊಂಡು ಬಂದ. ಕಣ್ಣು ಚೊಕ್ಕ ಇದೆ ಎಂದು ಡಾಕ್ಟರು ಹೇಳಿದ್ದು ಗಾಯದ ಮೇಲೆ ಬರೆ ಎಳೆದಂತಾಯಿತು.

ಪೀರ್‌ಬೀ ಕೇಸು ಬೆಳೆಸಲಿಲ್ಲ, ಹಿರಿಯರು ರಾಜಿ ಮಾಡಿಸಿದರು. ಆದರೆ ಅವನೊಂದಿಗೆ ಮಾತು ಬಿಟ್ಟಳು. ಪಕೀರಮ್ಮ ಒಂದು ಚೀಲ ಸೋನಾಮಸೂರಿ ಹೊರಿಸಿಕೊಂಡು ಹೋದರೆ ಬಾಗಿಲಲ್ಲೇ ತಡೆದಳು.

"ಅಕ್ಕಿ ಬ್ಯಾಡವ್ವಾ ನನಗ. ಖರೇ ಹೇಳು ಅನ್ನು ನಿನ್ನ ಗಂಡಗ. ಅವನ ಗಾಡಿ ನನಗ ಕಂಡಿತ್ತು. ನನಗ ಅಂವ ಕಂಡಾನ, ಅವಗ ನಾ ಕಂಡಿಲ್ಲಂದ್ರ ಹೆಂಗ? ನನ್ನ ನೋಡಿ ನಿಂದ್ರಸ್ತಾನ ಅಂತ ನಂಬಿ ಕಾಲಿಟ್ಟೀನಿ."

ಈ ಮಾತು ವಿರೂಪಾಕ್ಷಪ್ಪನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಖರೆಯನ್ನೇ ಹೇಳಿದವನು ಇನ್ನೆಂಥ ಖರೆ ತರಬೇಕು? ಬರಬರುತ್ತಾ ಅವನಿಗೇ ಅನುಮಾನ ಹತ್ತಿತು. ಕಣ್ಣು ಚೊಕ್ಕ ಇದ್ದು, ದಾರಿ ಸಾಫ್ ಇದ್ದು, ಮುಂದೆ ಬಂದ ಮನುಷ್ಯಳು ಕಾಣಲಿಲ್ಲ ಎಂದರೆ ತನ್ನ ಮನಸ್ಸು ಆಗ ಎಲ್ಲಿತ್ತು? ಕಂಡೂ ಕಾಣದಂತೆ ಹೋದೆನೇ? ತನ್ನನ್ನೇ ನಂಬದವನು ಬಸುರಿಯರನ್ನು ಕೂರಿಸಿಕೊಂಡು ಹೇಗೆ ಗಾಡಿ ಓಡಿಸಬೇಕು? ಹ್ಯಾಂಡಲ್ ಬಿಟ್ಟ. ಗಾಡಿಯನ್ನು ಗೆಳೆಯ ಗಂಗಾಧರನಿಗೆ ಓಡಿಸಲು ಕೊಟ್ಟ. ತಾನು ಸಿಂಧನೂರಿನ ಸ್ಟ್ಯಾಂಡಿನಲ್ಲಿ ಬೇವಿನ ಮರದ ಕೆಳಗೆ ನಿಂತು 'ಗೊರೇಬಾಳ, ಗೊರೇಬಾಳ' ಎಂದು ಮಂದಿಯನ್ನು ಕರೆದು ಕೂರಿಸುವ ಕೆಲಸಕ್ಕೆ ಇಳಿದ. ಊರಿಂದ ಬರುವಾಗ ಹೋಗುವಾಗ ಟಂಟಮ್ಮಿನ ಹಿಂದಿನ ಸೀಟಿನಲ್ಲಿ, ಬೆನ್ನು ಮುಂದಾಗಿ ಕೂರುತ್ತಿದ್ದ. ಸೇತುವೆ ಬಂದಾಗ ಕಣ್ಣು ಮುಚ್ಚುತ್ತಿದ್ದ. ಹೀಗೇ ವರ್ಷಗಳು ಕಳೆದವು.

ಹೀಗಿರುವಾಗ ಒಂದು ದಿನ ಆಟೊ ಮೇಲೆ ಮೈಕು ಕಟ್ಟಿಕೊಂಡು ನಗರಸಭೆಯ ಪ್ರಚಾರ ಬಂತು. 'ಸಿಂಧನೂರು ನಗರದ ಡಿಜಿಟಲ್ ಅವಳಿ ಸಿದ್ಧವಾಗಿದ್ದು, ಸುಸ್ಥಿರ ಸಂಚಾರ ಯೋಜನೆಗೆ ಸಾರ್ವಜನಿಕರು ಸಲಹೆ ನೀಡಬೇಕು' ಎಂದು ಅದು ಹೇಳಿತಂತೆ. ಆದರೆ ಭತ್ತದ ಲಾರಿಗಳ ಹಾರ್ನಿನ ನಡುವೆ ಸ್ಟ್ಯಾಂಡಿನವರ ಕಿವಿಗೆ ಬಿದ್ದದ್ದು ಎರಡೇ ಶಬ್ದ: ನಗರ, ಅವಳಿ. ಅವಳಿ ನಗರ ಎಂದರೆ ಹುಬ್ಬಳ್ಳಿ-ಧಾರವಾಡ ಎಂದು ಕರ್ನಾಟಕದ ಸಣ್ಣ ಮಕ್ಕಳಿಗೂ ಗೊತ್ತು. ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವ ಊರು ನಮ್ಮದು. ಮಧ್ಯಾಹ್ನದ ಚಹಾದ ಹೊತ್ತಿಗೆ ಸಿಂಧನೂರು-ಗೊರೇಬಾಳ ಅವಳಿ ನಗರವಾಗಿ ಹೋಗಿತ್ತು. ಸಂಜೆಗೆ ಗೊರೇಬಾಳದ ಪ್ಲಾಟುಗಳ ರೇಟು ಏರಿತು. ಚಹಾದ ಅಂಗಡಿಯಲ್ಲಿ 'ನಾವು ಹುಬ್ಬಳ್ಳಿ ಆಗ್ತೀವೋ ಧಾರವಾಡ ಆಗ್ತೀವೋ' ಎಂದು ಇಬ್ಬರು ಕೈ ಕೈ ಮಿಲಾಯಿಸುವುದೊಂದು ಬಾಕಿ.

ಗಂಗಾಧರನಿಗೆ ಮಾತ್ರ ನಗು ಬರಲಿಲ್ಲ.

"ಲೇ ವಿರೂಪಾಕ್ಷಿ, ಅವಳಿ ನಗರ ಆತಂದ್ರ ಸಿಟಿ ಬಸ್ ಬಿಡ್ತಾರ. ಸಿಟಿ ಬಸ್ ಬಂತಂದ್ರ ನಮ್ಮ ಟಂಟಂ ಗುಜರಿಗೆ. ನಾಳಿ ನಗರಸಭೆದಾಗ ಮೀಟಿಂಗ್ ಐತಂತ, ಎಲ್ಲಾರೂ ಹೋಗಿ ಬ್ಯಾಡ ಅಂತ ಹೇಳೂಣು. ನಿನ್ನ ಗಂಟ್ಲ ದೊಡ್ಡದೈತಿ, ನೀ ಬರಬೇಕು."

ಕೂಗುವುದಕ್ಕಾದರೆ ಬರುತ್ತೇನೆ ಎಂದು ವಿರೂಪಾಕ್ಷಪ್ಪ ಒಪ್ಪಿದ.

ಸಭಾಂಗಣದ ಕಿಟಕಿಗಳಿಗೆಲ್ಲ ಪರದೆ ಎಳೆದಿದ್ದರು. ಮುಂದೆ ಗೋಡೆಯಗಲದ ಬಿಳಿ ಪರದೆ, ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅಂಬಿಕಾ ಎಂಬ ಹುಡುಗಿ ನಿಂತಿದ್ದಳು. ಮಸ್ಕಿಯವಳು, ಊರುಗಳ ಸಂಚಾರ ಯೋಜನೆ ಮಾಡುವುದನ್ನೇ ಓದಿ ಬಂದವಳು. ಮೊದಲ ಸಾಲಿನಲ್ಲಿ ಕುಳಿತವರನ್ನು ನೋಡಿ ವಿರೂಪಾಕ್ಷಪ್ಪನ ಕಾಲು ಬಾಗಿಲಲ್ಲೇ ನಿಂತಿತು. ಪೀರ್‌ಬೀ ಕುಳಿತಿದ್ದಳು, ಮೊಣಕಾಲಿಗೆ ಊರುಗೋಲು ಒರಗಿಸಿಕೊಂಡು. ರಸ್ತೆಗಳಲ್ಲಿ ಪೆಟ್ಟು ತಿಂದವರನ್ನೆಲ್ಲ ಅಂಬಿಕಾ ಮನೆ ಮನೆಗೆ ಹೋಗಿ ಕರೆದಿದ್ದಳಂತೆ. ಅವನು ಹಿಂದೆ, ಬಾಗಿಲ ಕಂಬಕ್ಕೆ ಅಂಟಿ ನಿಂತ.

ಅಂಬಿಕಾ ಬಾಯಿ ತೆರೆಯುವುದರೊಳಗೇ ಗಂಗಾಧರ ಎದ್ದು ನಿಂತ. "ಅವಳಿ ನಗರ ನಮಗ ಬ್ಯಾಡ್ರಿ ಮೇಡಂ! ನಾವು ಧಾರವಾಡ ಆಗಂಗಿಲ್ಲ!"

ಅಂಬಿಕಾ ಕಕ್ಕಾಬಿಕ್ಕಿಯಾಗಿ ನೋಡಿದಳು. ಅರ್ಥವಾದ ಮೇಲೆ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅಣ್ಣಾರ, ಎರಡು ಊರು ಕೂಡಸಂಗಿಲ್ರಿ. ಒಂದ ಊರಿಗೆ ಅವಳಿ-ಜವಳಿ ಹುಟ್ಟೈತಿ. ಕೂಸಿನ ಮಾರಿ ನೋಡಿ ಆಮ್ಯಾಲ ಬೈರಿ."

ದೀಪ ಆರಿದವು. ಪರದೆಯ ಮೇಲೆ ಸಿಂಧನೂರು ಎದ್ದು ನಿಂತಿತು.

ಚಿತ್ರವಲ್ಲ, ಸಿನಿಮಾವೂ ಅಲ್ಲ. ಊರು. ಹದ್ದು ಮೇಲಿನಿಂದ ನೋಡುವ ಹಾಗೆ ಕಾಣುತ್ತಿತ್ತು, ಮತ್ತೆ ಇಳಿದು ಇಳಿದು ಮನೆಯ ಮಾಳಿಗೆಯ ಮೇಲಿನ ನೀರಿನ ಟಾಕಿಯ ತನಕ ಬಂತು. ಹಸಿರು ಗದ್ದೆಗಳ ನಡುವೆ ಕಾಲುವೆ, ಭತ್ತದ ಗಿರಣಿಗಳ ಸಾಲು, ಲಿಂಗಸುಗೂರಿನಿಂದ ಮಸ್ಕಿ ದಾಟಿ ಊರೊಳಗೆ ತಿರುಗುತ್ತಿರುವ ಕೆಂಪು ಬಸ್ಸು. ಬಸ್ ಸ್ಟ್ಯಾಂಡ್ ಬಂತು. ಇಶ್ತಿಯಾಕನ ಪಂಕ್ಚರ್ ಅಂಗಡಿ ಬಂತು, ಅದರ ಮುಂದಿನ ಟೈರಿನ ರಾಶಿ ಸಹಿತ. ಮತ್ತೆ ವಿರೂಪಾಕ್ಷಪ್ಪ ದಿನವೂ ನಿಲ್ಲುವ ಬೇವಿನ ಮರ. ಗಾಳಿಗೆ ಮುರಿದು ಜೋತುಬಿದ್ದ ಕೊಂಬೆಯೂ ಹಾಗೇ ಇತ್ತು. ಕೆಳಗೆ ಒಂದು ಸಣ್ಣ ಆಕೃತಿ ನಿಂತಿತ್ತು.

ವಿರೂಪಾಕ್ಷಪ್ಪನಿಗೆ ಮೈ ಜುಮ್ಮೆಂದಿತು. ಕೆಲವು ತಿಂಗಳ ಹಿಂದೆ ತಲೆಯ ಮೇಲೆ ಗಿರಗಿರ ತಿರುಗುವ ಡಬ್ಬಿ ಹೊತ್ತ ಜೀಪೊಂದು ಓಣಿ ಓಣಿ ಸುತ್ತಿದ್ದು, ಡ್ರೋನ್ ಹಾರಿದ್ದು ನೆನಪಾಯಿತು. ಅದು ಗೋಡೆ, ಗಿಡ, ಕಂಬ, ಕಟ್ಟೆ ಒಂದನ್ನೂ ಬಿಡದೆ ಅಳತೆ ತೆಗೆದುಕೊಂಡು ಹೋಗಿತ್ತು ಎಂದು ಅಂಬಿಕಾ ಹೇಳಿದಳು. ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಎಷ್ಟು ಗಾಡಿ, ಎಷ್ಟು ಮಂದಿ ಎಂಬುದನ್ನೂ ಇದಕ್ಕೆ ದಿನವೂ ಉಣಿಸುತ್ತಿದ್ದಾರಂತೆ.

"ಕನ್ನಡಿ ಇದ್ದದ್ದನ್ನ ಅಷ್ಟ ತೋರಸ್ತೈತಿ. ಇದು, ಹಿಂಗ ಮಾಡಿದ್ರ ಏನಾಕೈತಿ ಅಂತಾನೂ ತೋರಸ್ತೈತಿ. ಖರೇ ಊರಾಗ ರಸ್ತೆ ಕೆಡವಿ ನೋಡಾಕ ಆಗಂಗಿಲ್ಲಲ್ರಿ? ಇಲ್ಲಿ ಕೆಡವಬಹುದು, ಕಟ್ಟಬಹುದು, ತಪ್ಪಾದ್ರ ಅಳಸಬಹುದು. ಈಗ ನೋಡ್ರಿ, ನಿಮ್ಮ ಟಂಟಂ ಎಲ್ಲಾ ತಗೀತೀನಿ."

ಒಂದು ಗುಂಡಿ ಒತ್ತಿದಳು. ಊರಿನ ಟಂಟಮ್ಮುಗಳೆಲ್ಲ ಮಾಯವಾದವು. ಡ್ರೈವರುಗಳ ಬಾಯಿಂದ ಒಟ್ಟಿಗೆ 'ಎಪ್ಪಾ' ಎಂಬ ಉದ್ಗಾರ ಹೊರಟಿತು. ರಸ್ತೆ ಒಂದು ಗಳಿಗೆ ಬಿಕೋ ಎಂದಿತು. ಆಮೇಲೆ ಸಂದಿಗೊಂದಿಗಳಿಂದ ಬೈಕುಗಳು ಬರತೊಡಗಿದವು, ನೂಕಿಕೊಂಡು, ನುಗ್ಗಿಕೊಂಡು, ಇರುವೆ ಗೂಡಿಗೆ ಕೈ ಹಾಕಿದಂತೆ. ಸರ್ಕಲ್ ಕಟ್ಟಿ ಹೋಯಿತು, ಲಿಂಗಸುಗೂರಿನ ಬಸ್ಸು ಊರ ಹೊರಗೇ ನಿಂತುಬಿಟ್ಟಿತು.

"ಅದಕ್ಕ ಟಂಟಂ ಇರಬೇಕು," ಎಂದಳು ಅಂಬಿಕಾ. "ಹೊಗಿ ಬಿಡೋವು ಹೋಗಿ ಕರೆಂಟಿನವು ಬರಬೇಕು, ನಿಲ್ಲಾಕ ಛಲೋ ಜಾಗಾ ಬೇಕು. ನಡಿಯೋರಿಗೆ ದಾರಿ ಬೇಕು. ಆದ್ರ ನೀವು ಬೇಕ ಬೇಕು."

ಗಂಗಾಧರ ಮೆಲ್ಲಗೆ ಕೆಳಗೆ ಕುಳಿತ.

ಆಗ ಮೊದಲ ಸಾಲಿನಿಂದ ದನಿ ಬಂತು. "ಬೇಟಾ, ಇದರಾಗ ಗೊರೇಬಾಳದ ಕಾಲುವಿ ಬ್ರಿಜ್ ಐತೇನು? ನಾ ಬಿದ್ದ ಜಾಗಾ ತೋರಸು."

ಊರು ಸರ್ರನೆ ಸರಿದು ಸೇತುವೆ ಪರದೆಯ ಮೇಲೆ ಬಂದು ನಿಂತಿತು. ಕಲ್ಲುಗೋಡೆ, ಮೆಟ್ಟಿಲು, ಬಟ್ಟೆ ಒಗೆಯುವ ಬಂಡೆ. ವಿರೂಪಾಕ್ಷಪ್ಪ ಕಣ್ಣು ಮುಚ್ಚಲು ಹೋದ. ರೂಢಿಯ ಕೆಲಸ, ಆದರೂ ರೆಪ್ಪೆ ಮಾತು ಕೇಳಲಿಲ್ಲ.

"ಅಮ್ಮಾರ, ಆ ದಿನ ತಿರುಗಿ ತರಾಕ ಇದಕ್ಕ ಬರಂಗಿಲ್ಲ," ಎಂದಳು ಅಂಬಿಕಾ. "ಅಂಥಾದ ಒಂದು ದಿನ ಮಾಡಬಹುದು. ನಿಮ್ಮ ಎತ್ತರದ ಹೆಣ್ಮಗಳು ಮೆಟ್ಟಲ ಹತ್ತಾಕತ್ತಾಳ, ಕೆಳಗಿಂದ ಟಂಟಂ ಬರಾಕತ್ತೈತಿ. ಮೊದಲ ನಿಮ್ಮ ಕಣ್ಣಿಂದ ನೋಡೂಣು."

ಪರದೆ ಮೆಟ್ಟಿಲು ಹತ್ತತೊಡಗಿತು. ಗೋಡೆಯ ಅಂಚಿನ ಆಚೆ ಟಂಟಮ್ಮಿನ ನೀಲಿ ನೆತ್ತಿಯೊಂದು ತೇಲಿಕೊಂಡು ಬಂತು.

"ಹಾಂ! ಇದ! ಬರೋಬ್ಬರಿ ಇದ!" ಪೀರ್‌ಬೀ ಕೋಲು ಎತ್ತಿ ತೋರಿಸಿದಳು. "ಇದನ್ನ ನಾ ಕಂಡಿದ್ದೆ. ಈಗ ಹೇಳ್ರಿ, ನನಗ ಅಂವ ಕಂಡಾನ. ನಾ ಅವಗ ಕಾಣಲಿಲ್ಲೇನು?"

ಸಭೆಯ ತಲೆಗಳೆಲ್ಲ ಹಿಂದಕ್ಕೆ, ಬಾಗಿಲ ಕಂಬದ ಕಡೆಗೆ ಹೊರಳಿದವು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವನಿಗೆ.

"ಈಗ ಡ್ರೈವರ್ ಸೀಟಿನ್ಯಾಗ ಕುಂತು ನೋಡೂಣು," ಎಂದಳು ಅಂಬಿಕಾ.

ವಿರೂಪಾಕ್ಷಪ್ಪನಿಗೆ ಬೇಡ ಎಂದು ಕೂಗಬೇಕೆನಿಸಿತು. ಕಂಡುಬಿಟ್ಟರೆ? ಕಲ್ಲು, ಕೊಂಬೆ, ಟೈರು ಒಂದನ್ನೂ ಮರೆಯದ ಈ ಯಂತ್ರ, ಅಲ್ಲಿಂದ ಅವಳು ಚೊಕ್ಕ ಕಾಣುತ್ತಿದ್ದಳು ಎಂದು ಹೇಳಿಬಿಟ್ಟರೆ? ಇಷ್ಟು ದಿನ ಅವನನ್ನು ಬದುಕಿಸಿದ್ದು ಅನುಮಾನ. ಅದೂ ಹೋದರೆ ಉಳಿಯುವುದೇನು? ಅವನು ಬಾಗಿಲ ಕಡೆ ತಿರುಗಿದ. ಹಿಂದಿನ ಸಾಲಿನಲ್ಲಿದ್ದ ಗಂಗಾಧರ ಅಂಗಿ ಹಿಡಿದು ಜಗ್ಗಿದ. "ನಿಂದ್ರಲೇ."

"ತಡಿ ಬೇಟಾ," ಎಂದಳು ಪೀರ್‌ಬೀ. "ಅಂವ ಅಲ್ಲ, ನಾ ಕುಂಡ್ರತೀನಿ ಆ ಸೀಟಿನ್ಯಾಗ. ನಾನ ನೋಡತೀನಿ." ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆಸಿಕೊಂಡು ಕುಳಿತಳು.

ನೋಟ ಕೆಳಗೆ ಇಳಿಯಿತು. ಟಂಟಮ್ಮಿನ ಗಾಜು, ಹ್ಯಾಂಡಲ್ಲು, ಮುಂದೆ ಏರು ರಸ್ತೆ. ಗಾಡಿ ನಿಧಾನವಾಗಿ ಹತ್ತತೊಡಗಿತು. ಪಕ್ಕದಲ್ಲಿ ಕಲ್ಲುಗೋಡೆ. ಪೀರ್‌ಬೀ ಕತ್ತು ಉದ್ದ ಮಾಡಿದಳು, ಬಗ್ಗಿದಳು, ಹೊರಳಿದಳು. ಗೋಡೆ, ಗೋಡೆ, ಬರೀ ಗೋಡೆ. ಮೆಟ್ಟಿಲಿಲ್ಲ, ಮನುಷ್ಯಳಿಲ್ಲ. ಅದರ ತುದಿ ಬಂತು ಎನ್ನುವಷ್ಟರಲ್ಲಿ ಕಲ್ಲಿನೊಳಗಿಂದಲೇ ಹುಟ್ಟಿದಂತೆ ಒಂದು ಸಣ್ಣ ಹೆಂಗಸು, ಬಗಲಲ್ಲಿ ಗಂಟು, ಗಾಜಿನ ತುಂಬಾ ಬಂದು ನಿಂತಳು.

"ಯಾ ಅಲ್ಲಾ!"

ಪೀರ್‌ಬೀ ಚೀರಿದಳು. ಅವಳ ಬಲಗಾಲು, ವರ್ಷಗಳಿಂದ ಎಳೆದುಕೊಂಡು ನಡೆಯುತ್ತಿದ್ದ ಅದೇ ಕಾಲು, ಇಲ್ಲದ ಬ್ರೇಕನ್ನು ಹುಡುಕಿ ನೆಲವನ್ನು ಧಡ್ಡನೆ ಒದ್ದಿತು. ಕೋಲು ಉರುಳಿ ಬಿತ್ತು. ಪರದೆ ನಿಂತಿತು.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ಮಾತು ಬಂತು.

"ಕಾಣ್ಲಿಲ್ಲ."

ಊರೆಲ್ಲ ನಗೆಯಾಡಿದ ಆ ಮಾತನ್ನು ಅವಳ ಬಾಯಿಂದ ಕೇಳಿ ವಿರೂಪಾಕ್ಷಪ್ಪ ಕಂಬ ಹಿಡಿದು ಹಾಗೇ ಕುಸಿದು ಕುಳಿತ.

ಅಂಬಿಕಾ ಮತ್ತೆ ಮತ್ತೆ ತೋರಿಸಿದಳು. ಬಸ್ಸಿನ ಡ್ರೈವರಿನ ಎತ್ತರಕ್ಕೆ ಏರಿಸಿದಳು, ಹೆಂಗಸು ಕಂಡಳು. ಸೇತುವೆಯ ಮೇಲೆ ನಿಂತವನ ಎತ್ತರಕ್ಕೆ ತಂದಳು, ಕಂಡಳು. ಏರಿನಲ್ಲಿ, ಟಂಟಮ್ಮಿನ ಗಿಡ್ಡ ಸೀಟಿಗೆ ಇಳಿಸಿದಳು, ಅಳಿಸಿದಂತೆ ಮಾಯ. ಅಷ್ಟು ವರ್ಷ ಊರೆಲ್ಲ ಬಿದ್ದ ಜಾಗದಲ್ಲಿ ನಿಂತು ನೋಡಿತ್ತು. ಬಂದ ಜಾಗದಲ್ಲಿ ಕೂತು ನೋಡಿದವರು ಒಬ್ಬರೂ ಇರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಪ್ರಮಾಣಿಸಿ ನೋಡುವುದಕ್ಕೆ ಇಡೀ ಊರಿಗೇ ಒಂದು ಜವಳಿ ಹುಟ್ಟಬೇಕಾಯಿತು. ಕಡೆಗೆ ಅಂಬಿಕಾ ಕಲ್ಲುಗೋಡೆ ತೆಗೆದು ಕಬ್ಬಿಣದ ಪೈಪಿನ ಕಟಾಂಜನ ಇಟ್ಟಳು. ಏರಿನ ಬುಡದಿಂದಲೇ ಹೆಂಗಸು ಕಂಡಳು. ಟಂಟಂ ತಾನಾಗಿ ನಿಂತು ಅವಳನ್ನು ದಾಟಿಸಿ ಮುಂದೆ ಹೋಯಿತು. ಆಗಬೇಕಿದ್ದದ್ದು, ಆಗದೇ ಹೋದದ್ದು, ಕಣ್ಣೆದುರು ನಡೆಯುವುದನ್ನು ನೋಡುತ್ತಾ ವಿರೂಪಾಕ್ಷಪ್ಪ ಸಣ್ಣ ಮಗುವಿನಂತೆ ಅತ್ತ. ನಾಚಿಕೆ ಎನಿಸಲಿಲ್ಲ.

ದೀಪ ಹತ್ತಿದವು. ಪೀರ್‌ಬೀ ಕೋಲೂರುತ್ತಾ ಅವನ ಮುಂದೆ ಬಂದು ನಿಂತಳು.

"ಗ್ವಾಡಿ ಅಡ್ಡ ಇತ್ತಂತ ಆವಾಗ ಯಾಕ ಹೇಳಲಿಲ್ಲೋ ಖೋಡಿ?"

"ನನಗರ ಎಲ್ಲಿ ಗೊತ್ತಿತ್ತು ಯವ್ವಾ? ದಿನಾ ನೋಡೋ ಗ್ವಾಡಿ. ದಿನಾ ನೋಡೋದು ಯಾರ ಕಣ್ಣಿಗೆ ಬೀಳತೈತಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಎಂದಿನ ಗಡಸು ದನಿಯಲ್ಲೇ ಹೇಳಿದಳು. "ಏಳು. ನನ್ನ ಮನಿ ತನಕ ಬಿಡು. ಗಂಗಾಧರ ಅಲ್ಲ, ನೀ ಬಿಡಬೇಕು. ನಾ ಮುಂದ ಕುಂಡ್ರತೀನಿ."

ಗಂಗಾಧರ ಕೀಲಿ ಕೊಟ್ಟ. ವಿರೂಪಾಕ್ಷಪ್ಪ ಹ್ಯಾಂಡಲ್ ಹಿಡಿದ. ಬುದ್ಧ ಮೊದಲಿನ ಜಾಗದಲ್ಲೇ ಇದ್ದ, ಸ್ವಲ್ಪ ಧೂಳು ಹಿಡಿದಿದ್ದ. ಸರ್ಕಲ್ ದಾಟಿತು, ಗಿರಣಿಗಳು ದಾಟಿದವು, ಗದ್ದೆಯ ಹಸಿ ಗಾಳಿ ಬಂತು. ಏರಿನ ಬುಡಕ್ಕೆ ಬರುತ್ತಲೇ ಗಾಡಿ ತಾನಾಗಿ ನಿಂತಿತು. ನಿಲ್ಲಿಸಿದವನು ಅವನೇ, ಅವನಿಗೆ ಗೊತ್ತಾಗಲಿಲ್ಲ ಅಷ್ಟೆ. ಬಲಕ್ಕೆ, ಎಡಕ್ಕೆ ನೋಡಿದ. ಪರದೆಯಲ್ಲಿ ಕಂಡದ್ದೇ ಇಲ್ಲಿಯೂ ಇತ್ತು: ಕಲ್ಲುಗೋಡೆ, ಅದರಾಚೆ ಏನೂ ಇಲ್ಲ.

"ಆಗವಲ್ದು ಯವ್ವಾ," ಎಂದ.

ಪೀರ್‌ಬೀ ಗಾಡಿಯಿಂದ ಇಳಿದಳು. ಸೊಂಟ ಹಿಡಿದುಕೊಂಡು, ಕೋಲೂರುತ್ತಾ, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾ ಏರು ಹತ್ತಿದಳು. ತಾನು ಬಿದ್ದ ಜಾಗಕ್ಕೆ ಹೋಗಿ ನಿಂತಳು. ಮೆಟ್ಟಿಲ ಕಡೆ ಬಗ್ಗಿ ನೋಡಿದಳು, ಆಚೆ ಬದಿಗೂ ನೋಡಿದಳು. ಆಮೇಲೆ ಅವನ ಕಡೆ ತಿರುಗಿ ಕೋಲನ್ನು ಎತ್ತಿ ಬೀಸಿದಳು.

"ಬಾರೋ, ಬಾ! ಯಾರೂ ಇಲ್ಲ. ನನಗ ಕಾಣತೈತಿ."

ವಿರೂಪಾಕ್ಷಪ್ಪ ಗೇರು ಹಾಕಿದ.